ಕಂಟ್ಯಾಮಿನೇಟೆಡ್: ನಮ್ಮ ಮನೆಯ ಅರ್ಥ

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ತಪ್ಪಿರಬಹುದು. ಎಂ.ಎ.ಯಲ್ಲಿ ಗ್ರಂಥಸಂಪಾದನೆ ಕಲಿಸುತ್ತಿದ್ದ ಮೇಷ್ಟ್ರು ಒಂದು ಎಚ್ಚರಿಕೆ ಕೊಡುತ್ತಿದ್ದರು. ಎರಡು ಬೇರೆ ಬೇರೆ ಪ್ರತಿಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡಿದ ಓಲೆಗರಿಯನ್ನು ಸುಲಭವಾಗಿ ನಂಬಬೇಡಿ, ಯಾವ ಸಾಲು ಎಲ್ಲಿಂದ ಬಂತೆಂದು ಬರೆದವನಿಗೂ ಗೊತ್ತಿರುವುದಿಲ್ಲ ಎಂದು. ನನ್ನ ಕಾಯಿಲೆಯ ನೆನಪು ಅಂಥ ಒಂದು ಪ್ರತಿ. ಅದರಲ್ಲಿ ನನ್ನ ಡೈರಿಯ ಸಾಲುಗಳಿವೆ, ಅತ್ತೆ ಆಮೇಲೆ ಹೇಳಿದ್ದಿದೆ, ಫೋನಿನಲ್ಲಿ ಉಳಿದ ಮೆಸೇಜುಗಳಿವೆ. ಯಾವುದು ನಾನು ಕಂಡದ್ದು, ಯಾವುದು ಕೇಳಿ ಸೇರಿಸಿಕೊಂಡದ್ದು ಎಂದು ಈಗ ಬಿಡಿಸಲಾರೆ. ಅನುಮಾನವಿದ್ದ ಕಡೆ ಅನುಮಾನ ಎಂದೇ ಬರೆಯುತ್ತೇನೆ.

ಅನುಮಾನವಿಲ್ಲದ್ದು ಒಂದೇ, ಹೇಸಿಗೆ. ಟಿ.ಬಿ. ಬಂದವರಿಗೆ ಸಾವಿನ ಭಯವಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ನನಗೆ ಭಯವಾದದ್ದು ಕಡಿಮೆ, ಹೇಸಿಗೆಯಾದದ್ದು ಹೆಚ್ಚು. ಮೊದಲು ನನ್ನ ಕಫದ ಮೇಲೆ, ಆಮೇಲೆ ನನ್ನ ಮೇಲೆ, ಕೊನೆಗೆ ಬೇರೆ ಒಂದರ ಮೇಲೆ. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಡೊಂಬಿವಲಿ ಪೂರ್ವದಲ್ಲಿ, ಎರಡು ಕೋಣೆಯ ಫ್ಲ್ಯಾಟು. ನಾನು, ಗಂಡ ಗಿರೀಶ, ಬಾಗಲಕೋಟೆಯಿಂದ ಬಂದು ನಮ್ಮೊಂದಿಗೇ ಉಳಿದ ಅತ್ತೆ, ಒಂದನೇ ಇಯತ್ತೆಯಲ್ಲಿ ಓದುವ ಮಗಳು ಇಶಾ. ನಾನು ಮನೆಯಲ್ಲೇ ಕೂತು ಔಷಧಿ ಪೊಟ್ಟಣಗಳ, ಆಹಾರದ ಡಬ್ಬಿಗಳ ಮೇಲಿನ ಸೂಚನೆಗಳನ್ನು ಕನ್ನಡಕ್ಕೆ ಅನುವಾದಿಸುತ್ತೇನೆ. ಗಿರೀಶ ನವಿ ಮುಂಬಯಿಯ ಒಂದು ಮಸಾಲೆ ಕಂಪನಿಯ ಲ್ಯಾಬಿನಲ್ಲಿದ್ದಾನೆ. ಪುಡಿಗಳಲ್ಲಿ ಬೂಸಲು, ಬ್ಯಾಕ್ಟೀರಿಯಾ ಇವೆಯೇ ಎಂದು ನೋಡಿ, ಕೆಟ್ಟ ಬ್ಯಾಚನ್ನು ತಡೆಹಿಡಿಯುವ ಕೆಲಸ.

ಕೆಮ್ಮು ಶುರುವಾದಾಗ ಎಂಐಡಿಸಿಯ ಗಾಳಿಯನ್ನು ಬೈದೆವು. ಡೊಂಬಿವಲಿಯಲ್ಲಿ ಯಾರು ಕೆಮ್ಮಿದರೂ ಮೊದಲು ಆ ಕಾರ್ಖಾನೆಗಳನ್ನೇ ಬೈಯುವುದು. ಎರಡು ತಿಂಗಳು ಹಾಗೇ ಕಳೆಯಿತು. ಆಮೇಲೆ ಸಂಜೆ ಜ್ವರ, ಸಡಿಲವಾದ ಬಳೆ, ಎಕ್ಸ್‌ರೇ. ಠಾಣೆಯ ನೌಪಾಡಾದಲ್ಲಿ ಎದೆರೋಗದ ಡಾಕ್ಟರೊಬ್ಬರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೋಡದಂಥ ಜಾಗವನ್ನು ಪೆನ್ನಿನ ತುದಿಯಿಂದ ತೋರಿಸಿದರು. ಗಿರೀಶ ಆ ಪೆನ್ನಿನ ತುದಿಯನ್ನೇ ನೋಡುತ್ತಿದ್ದ. ಅದನ್ನು ಅವರು ಜೇಬಿಗಿಟ್ಟುಕೊಂಡಾಗ ಅವನು ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿದ. ಇದು ನಿಜವಾಗಿ ನಡೆಯಿತೇ, ಆಮೇಲಿನ ಸಿಟ್ಟಿನಲ್ಲಿ ನಾನೇ ಸೇರಿಸಿದ್ದೇ, ಗೊತ್ತಿಲ್ಲ.

ಕಫ ಕೊಡಬೇಕಿತ್ತು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ತಿರುಗಿಸುವ ಮುಚ್ಚಳ, ಅದರ ಮೇಲೆ ನನ್ನ ಹೆಸರು. ಉಗುಳು ನಡೆಯುವುದಿಲ್ಲ, ಎದೆಯ ಆಳದಿಂದ ಬರಬೇಕು ಎಂದು ಕೌಂಟರಿನವಳು ಹೇಳಿದಳು. ಅದಕ್ಕೆ ಜಾಗವೆಂದರೆ ಕಟ್ಟಡದ ಹಿಂದಿನ ತೆರೆದ ಓಣಿ. ಅಲ್ಲಿ ಏಸಿಗಳ ನೀರು ತೊಟ್ಟಿಕ್ಕಿ ಪಾಚಿ ಕಟ್ಟಿತ್ತು. ನಾಲ್ಕೈದು ಜನ ಗೋಡೆಗೆ ಮುಖಮಾಡಿ ಕ್ಯಾಕರಿಸುತ್ತಿದ್ದರು. ಆ ಸದ್ದನ್ನು ಬೇರೆಯವರು ಮಾಡಿದಾಗ ನಾನು ಊಟ ಬಿಟ್ಟು ಎದ್ದವಳು. ಈಗ ನನ್ನ ಗಂಟಲಿನಿಂದಲೇ ಬರಬೇಕಿತ್ತು, ಬರುತ್ತಿರಲಿಲ್ಲ.

ಭಿವಂಡಿಯಿಂದ ಬಂದಿದ್ದ ಒಬ್ಬ ಹೆಂಗಸು, ತನ್ನ ಡಬ್ಬಿಯನ್ನು ಲಗ್ನಪತ್ರಿಕೆಯ ಕವರಿನಲ್ಲಿ ಮುಚ್ಚಿಕೊಂಡಿದ್ದವಳು, ನನ್ನನ್ನು ನೋಡಿ, "ಪೆಹಲೀ ಬಾರ್ ಹೈ ಕ್ಯಾ?" ಎಂದಳು. ಮೊದಲ ಸಲವೇ, ಹೌದೆಂದೆ. ಅವಳು ನನಗೆ ಬೆನ್ನುಹಾಕಿ ನಿಂತು, ದುಪಟ್ಟಾವನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಪರದೆ ಮಾಡಿದಳು. "ಡಬ್ಬಾ ಮತ್ ದೇಖನಾ. ದೇಖೋಗೀ ತೋ ಖಾನಾ ನಹೀ ಜಾಯೇಗಾ." ನೋಡಬೇಡ ಎಂದರೂ ನಾನು ಡಬ್ಬಿಯನ್ನು ನೋಡಿದೆ. ಹಳದಿ ಹಸಿರು, ನೂಲುನೂಲಾಗಿ, ಒಂದು ಎಳೆ ಕೆಂಪು. ನನ್ನೊಳಗೆ ಇದು ಇತ್ತೆಂಬುದೇ ಅಸಹ್ಯವಾಯಿತು. ಅವಳು ಹೇಳಿದಂತೆ ಆ ದಿನ ಊಟ ಹೋಗಲಿಲ್ಲ. ಆದರೆ ಆ ದುಪಟ್ಟಾ ನೆನಪಿದೆ. ಕೆಮ್ಮಿನಿಂದ ಕೊನೆಯ ಗುಳಿಗೆಯವರೆಗಿನ ಆ ಎಂಟು ತಿಂಗಳಲ್ಲಿ ಗೊತ್ತಿಲ್ಲದವರೊಬ್ಬರು ನನ್ನ ಹತ್ತಿರಕ್ಕೆ ಬಂದದ್ದು ಅದೊಂದೇ ಸಲ.

ಗುಳಿಗೆ ಶುರುವಾಯಿತು. ಮೂತ್ರ ಕಿತ್ತಳೆ, ಬೆವರು ಕಿತ್ತಳೆ, ದಿಂಬಿನ ಹೊದಿಕೆಯ ಮೇಲೆ ಕಣ್ಣೀರಿನ ಕಲೆಯೂ ಹಾಗೇ. ಇಶಾಳನ್ನು ಕಲ್ಯಾಣಿನಲ್ಲಿರುವ ನಾದಿನಿ ಸುಧಾಳ ಮನೆಗೆ ಕಳಿಸಿದೆವು. ಅಲ್ಲಿಂದಲೇ ಶಾಲೆಯ ವ್ಯಾನು ವ್ಯವಸ್ಥೆಯಾಯಿತು. ಕೆಲವು ವಾರ ಸರಿಯಾಗಿ ಗುಳಿಗೆ ತೆಗೆದುಕೊಂಡರೆ ಬೇರೆಯವರಿಗೆ ಹರಡುವ ಅಪಾಯ ಬಹಳ ಇಳಿಯುತ್ತದೆ, ಆಮೇಲೆ ಮಗುವನ್ನು ಕರೆಸಿಕೊಳ್ಳಿ ಎಂದಿದ್ದರು ಡಾಕ್ಟರು. ಮನೆಯಲ್ಲಿ ಮಾತ್ರ ಬೇರೆ ತೀರ್ಮಾನವಾಯಿತು. ಎರಡು ತಿಂಗಳಿಗೆ ಇನ್ನೊಮ್ಮೆ ಕಫ ಕೊಡಬೇಕು, ಅದರಲ್ಲಿ ಕ್ರಿಮಿ ಬೆಳೆಯುತ್ತದೆಯೇ ಎಂದು ವಾರಗಟ್ಟಲೆ ಕಾದು ನೋಡುವ ಕಲ್ಚರ್ ರಿಪೋರ್ಟು ಚೆನ್ನಾಗಿ ಬಂದ ದಿನ ಇಶಾ ವಾಪಸು. ಯಾರು ತೀರ್ಮಾನಿಸಿದರು? ಡೈರಿಯಲ್ಲಿ "ತೀರ್ಮಾನವಾಯಿತು" ಎಂದಷ್ಟೇ ಬರೆದಿದ್ದೇನೆ. ಒಪ್ಪಿಕೊಂಡವರಲ್ಲಿ ನಾನೂ ಇದ್ದೆ.

ದಿನಾ ಸಂಜೆ ವಿಡಿಯೋ ಕಾಲ್. ಇಶಾ ಕನ್ನಡ ತಿಳಿದೂ ಹಿಂದಿಯಲ್ಲೇ ಉತ್ತರಿಸುವವಳು. "ಮಮ್ಮಾ, ರಿಪೋರ್ಟ್ ಕಬ್ ಆಯೇಗಾ?" ಯಾವಾಗ ಬರುತ್ತದೆ ಎಂದು ಕೇಳುವ ಆ ಮಗುವಿಗೆ ರಿಪೋರ್ಟೆಂದರೆ ಬರುವ ಬಸ್ಸಿನಂತೆ. ನಾನು ಎರಡನೆಯ ಸಲ ಕಫ ಕೊಟ್ಟು ಬಂದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸತೊಡಗಿದೆ.

ಲ್ಯಾಬಿನಲ್ಲಿ ಗಿರೀಶನ ನಂಬರು ಕೊಟ್ಟಿದ್ದೆವು. ರಿಪೋರ್ಟು ಅವನ ಫೋನಿಗೆ ಬಂತು. ಗುರುವಾರ ಎಂದು ಡೈರಿಯಲ್ಲಿದೆ. ಅವನು ಆಫೀಸಿನಿಂದ ಬಂದು ಹಾಲಿನಲ್ಲಿ ಕೂತಿದ್ದ. ಅತ್ತೆ ಕೊತ್ತಂಬರಿ ಸೋಸುತ್ತಿದ್ದರು, ಅಥವಾ ಮೆಂತ್ಯ. ನಾನು ಬೆಡ್‌ರೂಮಿನಲ್ಲಿ, ಬಾಗಿಲು ಅರ್ಧ ಮುಚ್ಚಿತ್ತು.

"ರಿಪೋರ್ಟ್ ಬಂದದ," ಎಂದ.

"ಚೊಲೋ ಬಂತೇನಪಾ?"

"ಕಂಟ್ಯಾಮಿನೇಟೆಡ್ ಅಂತ ಬಂದದ."

"ಹಂಗಂದ್ರೇನು? ನನಗ ತಿಳಿಯೋ ಹಂಗ ಹೇಳು."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಎಷ್ಟು ಹೊತ್ತು ಎಂಬುದರ ಮೇಲೆ ಬಹಳಷ್ಟು ನಿಂತಿದೆ, ಅದೇ ನನಗೆ ನೆನಪಿಲ್ಲ. ಆಮೇಲೆ ಹೇಳಿದ.

"ಮೈಲಿಗಿ ಆಗೇದ ಅಂತ."

ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹಂಗಾರ ಕೂಸಿನ್ನ ಈಗೇನ ಕರ್ಕೊಂಡ ಬರೋದ ಬ್ಯಾಡ ಎಂದರು. ಅವನು ಬ್ಯಾಡ ಎಂದ. ಸುಧಾಳಿಗೆ ಫೋನು ಮಾಡಿದವನೂ ಅವನೇ. ಆಮೇಲೆ ಬಾಗಿಲ ಹತ್ತಿರ ಬಂದು, ಒಳಗೆ ಬಾರದೆ, ರಿಪೋರ್ಟು ಸರಿ ಬಂದಿಲ್ಲ, ಸೋಮವಾರ ಡಾಕ್ಟರ ಹತ್ತಿರ ಹೋಗು ಎಂದು ಹೇಳಿದ. ರಿಪೋರ್ಟನ್ನು ನನಗೆ ಕಳಿಸು ಎಂದು ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಈಗಲೂ ನನ್ನನ್ನೇ ಪೀಡಿಸಿಕೊಳ್ಳುತ್ತೇನೆ. ವಿಶ್ವವಿದ್ಯಾಲಯದಲ್ಲಿ ಓದಿದವಳು, ಆ ಶಬ್ದವನ್ನು ಪೊಟ್ಟಣಗಳ ಮೇಲೆ ನೂರಾರು ಸಲ ಅನುವಾದಿಸಿದವಳು. "ಕಲುಷಿತಗೊಳ್ಳದಂತೆ ಮುಚ್ಚಿಡಿ" ಎಂದು ಬರೆದು ಬರೆದು ಕೈ ಸವೆದಿತ್ತು. ಆದರೂ ಬಾಗಿಲಾಚೆಯಿಂದ ಬಂದ "ಮೈಲಿಗಿ" ನೇರವಾಗಿ ಮೈಗೆ ಹೊಕ್ಕಿತು. ಅದು ನನಗೆ ಅನುವಾದ ಎಂದು ಅನಿಸಲೇ ಇಲ್ಲ, ತೀರ್ಪು ಎನಿಸಿತು.

ಎರಡು ದಿನ ಬಿಟ್ಟು ಅತ್ತೆ ಸ್ಟೇಷನ್ ರೋಡಿನ ಪಾತ್ರೆ ಅಂಗಡಿಯಿಂದ ಒಂದು ಚೀಲ ತಂದರು. ತಟ್ಟೆ, ಎರಡು ಬಟ್ಟಲು, ಲೋಟ, ಚಮಚ. ಎಲ್ಲದರ ಅಂಚಿನಲ್ಲೂ ಯಂತ್ರದಿಂದ ಚುಕ್ಕಿಚುಕ್ಕಿಯಾಗಿ ನನ್ನ ಹೆಸರು ಕೊರೆಸಿದ್ದರು, ವಿದ್ಯಾ ಎಂದು, ಅಂಗಡಿಯವನ ಮರಾಠಿ ಅಕ್ಷರದಲ್ಲಿ. ನಮ್ಮ ಮನೆಯ ಪಾತ್ರೆಗಳ ಮೇಲೆ ಮಾವನ ಹೆಸರಿದೆ, ಸುಧಾಳ ಮದುವೆಯ ಉಡುಗೊರೆ ಎಂದಿದೆ, ಮೊದಲ ಮುಡಿ ತೆಗೆಸಿದಾಗಿನದರ ಮೇಲೆ ಇಶಾಳ ಜಾವಳದ ನೆನಪಿಗೆ ಎಂದಿದೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಒಂದು ಚಮಚದ ಮೇಲೂ ನನ್ನ ಹೆಸರಿರಲಿಲ್ಲ. ಆ ತಟ್ಟೆಯನ್ನು ಕೈಗೆತ್ತಿಕೊಂಡಾಗ ಒಂದು ಕ್ಷಣ ನನಗೆ ಖುಷಿಯಾಯಿತು. ಇದನ್ನು ಡೈರಿಯಲ್ಲಿ ಬರೆದಿಲ್ಲ. ಬರೆಯಲು ನಾಚಿಕೆಪಟ್ಟಿದ್ದರಿಂದಲೇ ಇದು ನಿಜವೆಂದು ನಂಬುತ್ತೇನೆ.

"ನೇಲ್ ಪಾಲಿಶ್ ಚುಕ್ಕಿ ಇಟ್ಟರ ತಿಕ್ಕಿ ತಿಕ್ಕಿ ಅಳಿಸಿ ಹೋಗ್ತದ," ಎಂದರು ಅತ್ತೆ. "ಇದು ಹೋಗಂಗಿಲ್ಲ. ಕಲಬೆರಕಿ ಆಗೋದ ಬ್ಯಾಡ ನೋಡವಾ."

ಅತ್ತೆಯ ಬಗ್ಗೆ ಇಷ್ಟೇ ಬರೆದರೆ ಅನ್ಯಾಯವಾಗುತ್ತದೆ. ಗುಳಿಗೆಗಳಿಂದ ಬೆಳಿಗ್ಗೆ ವಾಂತಿಯಾಗುತ್ತಿತ್ತು. ಬಾತ್‌ರೂಮಿನಲ್ಲಿ ಬಗ್ಗಿದಾಗ ನನ್ನ ಹಣೆ ಹಿಡಿಯುತ್ತಿದ್ದವರು ಅವರು, ಬರಿಗೈಯಲ್ಲಿ, ಗಟ್ಟಿಯಾಗಿ. ವಾಂತಿಯ ಮೇಲೆ ನೀರು ಹೊಯ್ಯುತ್ತಿದ್ದರು. ಆಮೇಲೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡು, ಸೀರೆ ಬದಲಿಸಿ, ನನ್ನ ತಟ್ಟೆಯನ್ನು ಬೇರೆ ಸೋಪಿನಿಂದ ತೊಳೆಯುತ್ತಿದ್ದರು. ಹಿಡಿಯುವುದು ಮತ್ತು ಮೀಯುವುದು ಅವರಿಗೆ ಒಂದೇ ಕೆಲಸದ ಎರಡು ಭಾಗ. ಗಿರೀಶ ಮಾತ್ರ ಮೊದಲ ವಾರದಿಂದಲೇ ಹಾಲಿನ ದಿವಾನದ ಮೇಲೆ. ಗುಳಿಗೆಯ ಪೊಟ್ಟಣವನ್ನು ಒಂದು ದಿನವೂ ತಪ್ಪಿಸಲಿಲ್ಲ, ಚೀಲದಲ್ಲಿ ಹಾಕಿ ಬಾಗಿಲ ಹಿಡಿಕೆಗೆ ನೇತುಹಾಕಿ ಹೋಗುತ್ತಿದ್ದ. ಚೀಲವೊಂದು ಹಿಡಿಕೆಗೆ ತಾಗಿ ಕಿರ್ರ್ ಎನ್ನುವುದು ಕೇಳಿದರೆ ಈಗಲೂ ನಾನು ಬಾಗಿಲಿನಿಂದ ಹಿಂದೆ ಸರಿದು ನಿಲ್ಲುತ್ತೇನೆ.

ಶನಿವಾರ, ಭಾನುವಾರ ನಾನು ನನ್ನನ್ನೇ ಮುಟ್ಟಿಕೊಳ್ಳಲಾರದೆ ಕಳೆದೆ. ಬಾಚಣಿಗೆಯಲ್ಲಿ ಉಳಿದ ಕೂದಲು, ದಿಂಬಿನ ಮೇಲಿನ ಜೊಲ್ಲಿನ ಗುರುತು, ಮಾಸ್ಕಿನೊಳಗೆ ನನ್ನದೇ ಉಸಿರಿನ ಬೆಚ್ಚಗಿನ ವಾಸನೆ. ಕೈ ತೊಳೆದು ತೊಳೆದು ಬೆರಳ ಸಂದಿ ಒಡೆಯಿತು. ಬೇರೆ ಏನೂ ಮಾಡಲಾಗದೆ, ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ, ಶಬ್ದಕೋಶ ತೆಗೆದೆ.

ಕಂಟ್ಯಾಮಿನೇಷನ್ ಲ್ಯಾಟಿನ್‌ನಿಂದ ಬಂದದ್ದು. ಮೊದಲಿನ "ಕಾನ್" ಎಂದರೆ ಕೂಡಿ, ಜೊತೆಗೆ. ಉಳಿದರ್ಧದ ಬೇರು ಮುಟ್ಟುವುದು ಎಂಬ ಕ್ರಿಯಾಪದದಲ್ಲಿದೆ. ಕೂಡಿ ಮುಟ್ಟಿದ್ದು, ಅಷ್ಟೇ. ಕಾಂಟ್ಯಾಕ್ಟ್ ಅದೇ ಕುಟುಂಬದ್ದು, ಅಂಟುರೋಗಕ್ಕೆ ಹೇಳುವ ಕಂಟೇಜಿಯನ್ ಕೂಡ. ಇಂಟ್ಯಾಕ್ಟ್ ಎಂದರೆ ಯಾರೂ ಮುಟ್ಟದೆ ಉಳಿದದ್ದು. ಬೇರಿನಲ್ಲಿ ಕೊಳೆ ಇಲ್ಲ, ಮುಟ್ಟಿದ್ದು ಮಾತ್ರ ಇದೆ. ಕೊಳೆ ಆಮೇಲೆ ಸೇರಿಕೊಂಡಿದೆ. ಮೇಷ್ಟ್ರು ನಂಬಬೇಡಿ ಎಂದಿದ್ದ ಆ ಬೆರಕೆ ಓಲೆಗರಿಗೂ, ಎರಡು ಹಳೆಯ ನಾಟಕಗಳನ್ನು ಬೆರೆಸಿ ಒಂದು ಹೊಸ ನಾಟಕ ಮಾಡುವುದಕ್ಕೂ ವಿದ್ವಾಂಸರು ಇದೇ ಶಬ್ದ ಬಳಸುತ್ತಾರಂತೆ. ಅದನ್ನು ಓದಿ ನಕ್ಕೆ ಎಂದು ಡೈರಿಯಲ್ಲಿದೆ.

ನಮ್ಮ ಭಾಷೆಯೇನು ಕಡಿಮೆಯದಲ್ಲ. ಮುಟ್ಟು ಎಂದರೆ ಸ್ಪರ್ಶ, ಮುಟ್ಟಾದಳು ಎಂದರೆ ಮುಟ್ಟಬಾರದವಳಾದಳು. ಅಂಟು ಎಂದರೆ ರೋಗ, ಸೂತಕ. ಅದರ ಪಕ್ಕದಲ್ಲೇ ನಂಟು ಇದೆ. ಪಕ್ಕದ ಮನೆಯ ಮರಾಠಿಯವರ ವಿಟಾಳ ಕೂಡ ಹೊಲೆಗೂ ಹೆಂಗಸಿನ ಆ ಮೂರು ದಿನಕ್ಕೂ ಒಂದೇ. ಮೈಲಿಗೆಯಲ್ಲಿ ಮೈ ಇದೆ ಎಂದು ನನಗೆ ಅನಿಸುತ್ತಿತ್ತು. ಅದು ವ್ಯುತ್ಪತ್ತಿಯಲ್ಲ, ಕಿವಿಯ ಮೋಸ. ಸಿಡುಬನ್ನೂ ಹಳಬರು ಮೈಲಿ ಎನ್ನುತ್ತಿದ್ದರು ಎಂಬುದು ಮಾತ್ರ ಕೋಶದಲ್ಲಿ ಸಿಕ್ಕಿತು. ನೀರು, ಗಾಳಿ ಕಲುಷಿತವಾಗುತ್ತವೆ. ಹಾಲು, ಎಣ್ಣೆ ಕಲಬೆರಕೆಯಾಗುತ್ತವೆ. ಮೈಲಿಗೆಯಾಗುವುದು ಮನುಷ್ಯರು ಮತ್ತು ಅವರು ಮುಟ್ಟಿದ ವಸ್ತುಗಳು. ಇಷ್ಟು ಶಬ್ದಗಳಲ್ಲಿ ಒಂದನ್ನು ಆರಿಸಬೇಕಾದರೆ ಆರಿಸುವವನ ಕೈ ಎಲ್ಲಿಗೆ ಹೋಗುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ. ನಾನು ಇನ್ನೂ ಶಬ್ದವನ್ನು ನೋಡುತ್ತಿದ್ದೆ, ಹೇಳಿದವನನ್ನಲ್ಲ.

ಸೋಮವಾರ ಒಬ್ಬಳೇ ನೌಪಾಡಾಕ್ಕೆ ಹೋದೆ. ಡಾಕ್ಟರು ಬರುವುದು ತಡವಿತ್ತು. ಲ್ಯಾಬಿನ ಕೌಂಟರಿನಲ್ಲಿ ಅದೇ ಹುಡುಗಿ. ರಸೀದಿಯ ನಂಬರು ಹಾಕಿ ಪ್ರಿಂಟು ತೆಗೆದುಕೊಟ್ಟಳು. ರಿಪೋರ್ಟನ್ನು ನಾನು ಮೊದಲ ಸಲ ಕಣ್ಣಿಂದ ನೋಡಿದ್ದು ಆಗ. ಕಂಟ್ಯಾಮಿನೇಟೆಡ್ ಎಂಬುದರ ಮುಂದೆ ಇನ್ನೊಂದು ಸಾಲಿತ್ತು: ದಯವಿಟ್ಟು ಮತ್ತೊಂದು ಸ್ಯಾಂಪಲ್ ಕಳಿಸಿ. ನನ್ನ ಮರಾಠಿಯಲ್ಲಿ ಕೇಳಿದೆ, ಅಂದರೆ ನನ್ನ ಕಾಯಿಲೆ ಹೆಚ್ಚಾಗಿದೆಯೇ, ನಾನು ಇನ್ನೂ ಹರಡುತ್ತೇನೆಯೇ ಎಂದು.

ಅವಳು ಕೀಬೋರ್ಡಿನಿಂದ ತಲೆಯೆತ್ತಿದಳು. "ತುಮ್ಹೀ ನಾಹೀ ತಾಈ. ಡಬ್ಬೀ."

ನೀವಲ್ಲ ಅಕ್ಕ, ಡಬ್ಬಿ. ಬಾಯಿಯದೋ ಗಾಳಿಯದೋ ಬೇರೆ ಯಾವುದೋ ಕ್ರಿಮಿ ಸೇರಿ ಎಲ್ಲದರ ಮೇಲೆ ಬೆಳೆದುಬಿಟ್ಟಿದೆ, ಹಾಗಾಗಿ ನೋಡಬೇಕಾದದ್ದು ಕಾಣುತ್ತಿಲ್ಲ. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಏನೂ ಗೊತ್ತಾಗಿಲ್ಲ ಎಂದರ್ಥ. ಬಾಯಿ ಮುಕ್ಕಳಿಸಿ ಕೊಟ್ಟಿರಾ, ಮುಚ್ಚಳ ಬಿಗಿಯಾಗಿತ್ತಾ ಎಂದು ಕೇಳಿದಳು. ನಾನು ನಗತೊಡಗಿದೆ. ನಗು ಕೆಮ್ಮಾಯಿತು, ಬೆಂಚಿನಲ್ಲಿದ್ದ ಇಬ್ಬರು ಎದ್ದು ದೂರ ಹೋದರು. ಡಾಕ್ಟರೂ ಅದನ್ನೇ ಹೇಳಿದರು. ಮಗು ಇನ್ನೂ ಕಲ್ಯಾಣಿನಲ್ಲಿದೆಯೇ ಎಂದು ಅವರಿಗೆ ಆಶ್ಚರ್ಯವಾಯಿತು.

ವಾಪಸು ಠಾಣೆಯಿಂದ ಡೊಂಬಿವಲಿಗೆ ಲೇಡೀಸ್ ಡಬ್ಬಿಯಲ್ಲಿ ನಿಂತಿದ್ದೆ. ಒಬ್ಬಳ ಒದ್ದೆ ಕಂಕುಳು ನನ್ನ ಭುಜದ ಮೇಲೆ, ಇನ್ನೊಬ್ಬಳ ಜಡೆ ನನ್ನ ಮಾಸ್ಕಿನ ಮೇಲೆ, ನನ್ನ ಮೊಣಕೈ ಮತ್ತೊಬ್ಬಳ ಹೊಟ್ಟೆಯಲ್ಲಿ. ಕೂಡಿ ಮುಟ್ಟಿದ್ದು ಎಂಬುದಕ್ಕೆ ಇದಕ್ಕಿಂತ ಪೂರ್ತಿಯಾದ ಅರ್ಥ ಯಾವ ಕೋಶದಲ್ಲೂ ಸಿಗದು. ಯಾರೂ ಮಿಂದು ಬಟ್ಟೆ ಬದಲಿಸುವವರಿರಲಿಲ್ಲ. ಕಳವಾ ದಾಟಿರಬೇಕು, ಅಥವಾ ದಿವಾ. ಅಲ್ಲಿ ನನಗೆ ಗಿರೀಶನ ಕೆಲಸ ನೆನಪಾಯಿತು.

ಒಂಬತ್ತು ವರ್ಷ ಊಟದ ಹೊತ್ತಿನಲ್ಲಿ ಆ ಶಬ್ದವನ್ನು ಕೇಳಿದ್ದೇನೆ. ಮೆಣಸಿನಪುಡಿಯ ಕಲ್ಚರ್ ಪ್ಲೇಟು ಕಂಟ್ಯಾಮಿನೇಟ್ ಆಗಿತ್ತು, ಯಾರೋ ಕೈಗವಸು ಹಾಕಿರಲಿಲ್ಲ, ಮತ್ತ ಸ್ಯಾಂಪಲ್ ತಗೊಂಡ್ವಿ. ಅತ್ತೆ ಹಂಗಂದ್ರ ಎಂದು ಕೇಳಿದಾಗಲೆಲ್ಲ ಅವನಲ್ಲಿ ಒಂದು ಕನ್ನಡ ಸಿದ್ಧವಿರುತ್ತಿತ್ತು: ಸ್ಯಾಂಪಲ್ ಕೆಟ್ಟದ. ಪುಡಿಗೆ ಅವನು ಎಂದೂ ಮೈಲಿಗೆ ಎಂದವನಲ್ಲ. ಮತ್ತೊಂದು ಸ್ಯಾಂಪಲ್ ಕಳಿಸಿ ಎಂಬ ಎರಡನೆಯ ಸಾಲನ್ನು ಓದುವುದು ಅವನಿಗೆ ದಿನದ ಕೆಲಸ. ಟ್ರೇನಿನ ಸರಳು ಹಿಡಿದುಕೊಂಡು ನಿಂತಲ್ಲೇ ನನಗೆ ಮತ್ತೆ ಆ ಹಿತ್ತಿಲ ಓಣಿಯ ಹೇಸಿಗೆಯಾಯಿತು. ಈ ಸಲ ಅದು ಕಫದ್ದಾಗಿರಲಿಲ್ಲ.

ಮನೆಗೆ ಬಂದು ಏನೂ ಹೇಳಲಿಲ್ಲ. ಹೇಡಿತನ ಎನ್ನಬಹುದು. ಆದರೆ ನನಗೆ ಮೊದಲು ಬೇಕಾದದ್ದು ಇಶಾ. ಜಗಳವಾಡಿ ಕರೆಸಿಕೊಂಡಿದ್ದರೆ, ನಾನು ಕೆಮ್ಮಿದಾಗಲೆಲ್ಲ ಎಲ್ಲರ ಕಣ್ಣು ಮಗುವಿಗೆ ಅಂಟುತ್ತಿತ್ತು. ಹೊಸ ಕಫವನ್ನು ಬಾಯಿ ಮುಕ್ಕಳಿಸಿ, ಮುಚ್ಚಳ ಬಿಗಿದು, ನನ್ನ ಫೋನ್ ನಂಬರು ಬರೆಸಿ ಕೊಟ್ಟೆ. ಮತ್ತೆ ಆರು ವಾರ. ಆ ಆರು ವಾರದಲ್ಲಿ ಅವಳ ಹಾಲುಹಲ್ಲು ಎರಡು ಬಿದ್ದವು, ಎರಡನ್ನೂ ಪರದೆಯ ಮೇಲೆ ನೋಡಿದೆ. ಒಂದು ಸಂಜೆ ರಿಪೋರ್ಟು ಕಬ್ ಎಂದು ಅವಳು ಕೇಳಲೇ ಇಲ್ಲ. ಅದು ಆ ಎಂಟು ತಿಂಗಳ ಅತಿ ಕೆಟ್ಟ ಸಂಜೆ.

ಈ ಸಲ ಏನೂ ಬೆಳೆದಿಲ್ಲ ಎಂದು ರಿಪೋರ್ಟು ಬಂತು, ಅಂದರೆ ಕ್ರಿಮಿ ಇಲ್ಲ. ಮರುದಿನವೇ ಕಲ್ಯಾಣಿಗೆ ಹೋಗಿ ಅವಳನ್ನು ಕರೆತಂದೆ. ಮನೆಯಲ್ಲಿ ಅವಳು ನನ್ನ ತಟ್ಟೆಯ ಅಂಚಿನ ಅಕ್ಷರಗಳನ್ನು ಬೆರಳಿಟ್ಟು ಕೂಡಿಸಿ ಓದಿದಳು. "ವಿದ್ಯಾ. ಮಮ್ಮಾ, ಇಸ್ಪೆ ತುಮ್ಹಾರಾ ನಾಮ್! ಮೇರಾ ಭೀ ಲಿಖವಾ ದೋ ನಾ ಅಜ್ಜಿ." ತನ್ನ ಹೆಸರನ್ನೂ ಬರೆಸಿಕೊಡು ಎಂದ ಮಗುವನ್ನು ಅಲ್ಲೇ ಬಿಟ್ಟು ಅತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಾನೂ ಅಡುಗೆಮನೆಗೆ ಹೋಗಿ ಡಬ್ಬಿಯ ಕಥೆ ಹೇಳಿದೆ. ಅವರು ಸೌಟು ಹಿಡಿದೇ ಕೇಳಿದರು.

"ಹಂಗಾರ ಕೆಟ್ಟಿದ್ದು ಡಬ್ಬಿ?"

"ಡಬ್ಬಿ ಅತ್ತಿ."

"ಅವ ಹಂಗ ಹೇಳಲಿಲ್ಲಲ್ಲ." ಗ್ಯಾಸು ಸಣ್ಣ ಮಾಡಿದರು. "ನನಗೇನ ಇಂಗ್ಲಿಷ್ ಬರ್ತದ? ಅವ ಏನಂದ ಅದನ್ನ ನಾ ಮಾಡೀನಿ." ಕ್ಷಮೆ ಕೇಳಲಿಲ್ಲ, ನಾನು ನಿರೀಕ್ಷಿಸಿಯೂ ಇರಲಿಲ್ಲ. ಆದರೆ ಅಂದಿನವರೆಗೆ ನಾನು ಬಾಗಿಲಾಚೆಯಿಂದ ತಪ್ಪು ಕೇಳಿಸಿಕೊಂಡಿರಬಹುದೆಂಬ ಒಂದು ಸಂದು ಉಳಿದಿತ್ತು. ಅದನ್ನು ಅತ್ತೆ ಮುಚ್ಚಿದರು.

ಆಮೇಲೂ ಎರಡು ತಿಂಗಳು ನಾನು ಅವನನ್ನು ಕೇಳಲಿಲ್ಲ. ಗುಳಿಗೆ ಮುಗಿದವು. ಅವನು ದಿವಾನದಿಂದ ಕೋಣೆಗೆ ಮರಳಿದ. ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಅವನು ಫೋನಿನಲ್ಲಿ ಆಫೀಸಿನ ಕನ್ನಡದವರೊಬ್ಬರಿಗೆ ಹೇಳುತ್ತಿದ್ದ, ಅರಿಸಿಣದ ಬ್ಯಾಚು ಕಂಟ್ಯಾಮಿನೇಟೆಡ್ ಬಂದದ, ಘಾಬರಿ ಆಗಬ್ಯಾಡ, ಸ್ಯಾಂಪಲ್ ಕೆಟ್ಟಿರತದ, ಮಾಲಿಗೆ ಏನೂ ಆಗಿರಂಗಿಲ್ಲ, ಮತ್ತೊಮ್ಮೆ ಕಳಸು ಎಂದು. ಅಷ್ಟು ಮೃದುವಾಗಿ, ಅಷ್ಟು ಸರಿಯಾಗಿ ಹೇಳಿದ. ಫೋನಿಟ್ಟ ಮೇಲೆ ನಾನು ಕೇಳಿದೆ. ಅವನು ಗಡಿಯಾರ ನೋಡಿದ, ಟ್ರೇನ್ ತಪ್ಪತದ ಎಂದ, ಬ್ಯಾಗು ತೆಗೆದುಕೊಂಡು ಹೋದ. ಅಂದು ಸಂಜೆ ಬಂದ, ಮರುದಿನವೂ ಬಂದ, ದಿನಾ ಬರುತ್ತಾನೆ. ಮಗಳಿಗೆ ಅಂಟೀತೆಂದು ಹೆದರಿ ಹಾಗೆ ಹೇಳಿದ್ದರೆ ನಾನು ಅದನ್ನು ಅರ್ಥಮಾಡಿಕೊಳ್ಳುತ್ತಿದ್ದೆ. ಅವನು ಅದನ್ನೂ ಹೇಳಿಲ್ಲ. ನಾನು ಎರಡನೆಯ ಸಲ ಕೇಳಿಲ್ಲ. ನಾನು ಕೇಳಿದ ಪ್ರಶ್ನೆಯನ್ನು ಮಾತ್ರ ಅವನು ಮೆಟ್ಟಿಲಿಳಿಯುತ್ತಿದ್ದಾಗಲೇ ಬರೆದಿಟ್ಟೆ, ಹಾಗಾಗಿ ಇದರಲ್ಲಿ ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ.

"ಆ ಶಬ್ದದ ಅರ್ಥ ನಿಮಗ ಗೊತ್ತಿತ್ತಲ್ಲ, ಮತ್ತ ಅತ್ತಿಗೆ ಮೈಲಿಗಿ ಅಂತ ಯಾಕ ಹೇಳಿದ್ರಿ?"